ನೀರಡಿಯ ಮೋಡೆಮ್: ನಿಧಾನ, ಆದರೂ ನಂಬಬಹುದು

ಕಾರವಾರದ ಕಡಲತಳದಲ್ಲಿ ನಮ್ಮ ಉಷ್ಣತೆ ಸೆನ್ಸರ್‌ಗಳಿಗೆ ಈ ಅಕೌಸ್ಟಿಕ್ ಮೋಡೆಮ್, ಅಂದ್ರೆ ಸದ್ದಿನ ಮೂಲಕ ಮಾಹಿತಿ ಕಳಿಸೋ ಸಾಧನ, ಜೋಡಿಸಿದ್ದೇವೆ. ಉಪ್ಪುನೀರಲ್ಲಿ ವೈಫೈ ನಡೆಯಲ್ಲ, ಸದ್ದೇ ಗತಿ. ಅದೂ ಸೆಕೆಂಡಿಗೆ ಸುಮಾರು 1,500 ಮೀಟರ್ ಅಷ್ಟೇ. ಒಂದೂವರೆ ಕಿಲೋಮೀಟರ್ ಆಚೆ ಕೇಳಿದ್ದಕ್ಕೆ ಉತ್ತರ ಬರಲು ಎರಡು ಸೆಕೆಂಡ್ ಬೇಕು!

2017ರಲ್ಲಿ ನೇಟೋ ಸೇನಾಕೂಟ ಒಪ್ಪಿದ ಜೇನಸ್ ಮಾನದಂಡ, ಅಂದ್ರೆ ನೀರಡಿಯ ಮೋಡೆಮ್‌ಗಳ ಸಾಮಾನ್ಯ ಭಾಷೆ, ಇದರಲ್ಲಿದೆ. ಹಾಗಾಗಿ ಬೇರೆ ಕಂಪನಿಯ ಮೋಡೆಮ್ ಜೊತೆಗೂ ಮಾತಾಡುತ್ತದೆ. ಆ ಮೋಡ್‌ನಲ್ಲಿ ಸಿಗೋದು ಸೆಕೆಂಡಿಗೆ ಬರೀ 80 ಬಿಟ್. ಫೋಟೊ ಕಳಿಸೋ ಆಸೆ ಬಿಡಿ, ಉಷ್ಣತೆಯ ಅಂಕಿಗೆ ಸಾಕು.

ತಕರಾರು ಅಂದ್ರೆ ಸಿಗಡಿ. ಬಂಡೆಗಳ ಹತ್ತಿರ ಅವು ಕಾದ ಎಣ್ಣೆಯ ಸಾಸಿವೆ ಹಾಗೆ ಚಟಪಟ ಅನ್ನುತ್ತವೆ, ಆ ಗದ್ದಲದಲ್ಲಿ ಮಾಹಿತಿಯ ಪ್ಯಾಕೆಟ್‌ಗಳು ಕಳೆದುಹೋಗುತ್ತವೆ. ಮರಳುತಳದಲ್ಲಿ ಈ ಕಾಟ ಕಡಿಮೆ.

ನೀರು ಒಳಗೆ ಬರದಂತೆ ತಡೆಯೋ ಕನೆಕ್ಟರಿನ ರಬ್ಬರ್ ಉಂಗುರದ ಮೇಲೆ ಒಂದು ಮರಳಿನ ಕಣವೂ ಇರಬಾರದು. ಒರೆಸಿ, ಗ್ರೀಸ್ ಹಚ್ಚಿಯೇ ಮುಚ್ಚಿ. ಬೆಲೆ? ಜಾಸ್ತಿನೇ.