ಹದಿನೇಳು ಇಂಚು ಕೇಳಿದವನಿಗೆ ಹದಿನೈದು ಕೊಟ್ಟ ಟೈರ್ ಅಂಗಡಿ

ನಮ್ಮದು ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿ. ಸುಗ್ಗಿ ಮುಗಿದ ಮೇಲೆ ಗೆಳೆಯನೊಬ್ಬನ ಕಾಂಕ್ರೀಟ್ ಕಣ ಖಾಲಿ ಬೀಳುತ್ತದೆ. ಭಾನುವಾರ ಬೆಳಿಗ್ಗೆ ಅಲ್ಲಿ ಕೋನ್‌ಗಳನ್ನು ನಿಲ್ಲಿಸಿ, ಒಬ್ಬೊಬ್ಬರಾಗಿ ಸಮಯ ಹಿಡಿದು ಆಟೋಕ್ರಾಸ್ ಓಡಿಸುತ್ತೇವೆ. ವರ್ಷಕ್ಕೆ ಒಂದೆರಡು ಸಲ ಕೊಯಮತ್ತೂರಿನ ರೇಸ್ ಟ್ರ್ಯಾಕ್ ಆದ ಕರಿ ಮೋಟಾರ್ ಸ್ಪೀಡ್‌ವೇಗೂ ಹೋಗುತ್ತೇನೆ. ಕಾರು 2016ರ ಸ್ವಿಫ್ಟ್. ಈ ಎರಡಕ್ಕೂ ಟೈರು, ಚಕ್ರ ಆರಿಸಲು ಹೋದದ್ದು ಹಳೆ ಪಿ.ಬಿ. ರಸ್ತೆಯ ಒಂದು ಚಿಕ್ಕ ಅಂಗಡಿಗೆ.

ಹಿಂದಿನ ವರ್ಷ ಬೇರೆ ಊರಿನ ಅಂಗಡಿಯೊಂದರಲ್ಲಿ ಚಂದಕ್ಕೆ ಮರುಳಾಗಿ 16 ಇಂಚಿನ ಅಲಾಯ್ ಚಕ್ರ ಹಾಕಿಸಿದ್ದೆ. ಚಿತ್ರದುರ್ಗದ ಕಡೆ ಹೆದ್ದಾರಿಯಲ್ಲಿ ವೇಗ 90 ದಾಟಿದರೆ ಸ್ಟಿಯರಿಂಗ್ ನಡುಗುತ್ತಿತ್ತು. ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ನಿಲ್ಲಲಿಲ್ಲ. ಇಲ್ಲಿಯ ಯಜಮಾನರು ಬ್ಯಾಲೆನ್ಸಿಂಗ್ ಯಂತ್ರದ ಹತ್ತಿರವೂ ಹೋಗಲಿಲ್ಲ. ಚಕ್ರ ಬಿಚ್ಚಿಸಿ, ಅಲಾಯ್‌ನ ನಡುವಿನ ತೂತಿಗೆ ಕ್ಯಾಲಿಪರ್ ಇಟ್ಟರು. 73 ಮಿ.ಮೀ. ಕಾರಿನ ಹಬ್ಬಿಗೆ, ಅಂದರೆ ಚಕ್ರದ ಆ ತೂತು ಕೂರುವ ನಡುವಿನ ಗುಂಬಕ್ಕೆ, ಇಟ್ಟರು. 54. ನಟ್ಟಿನ ನಾಲ್ಕು ತೂತು, ಅವು ಕೂರುವ ವೃತ್ತದ 100 ಮಿ.ಮೀ. ವ್ಯಾಸ (ಪಿಸಿಡಿ) ಎರಡಕ್ಕೂ ಒಂದೇ ಆಗಿದ್ದರಿಂದ ಚಕ್ರ ಕುಳಿತಿತ್ತು, ಆದರೆ ಹಬ್ಬಿನ ಮೇಲೆ ಕುಳಿತಿರಲಿಲ್ಲ. "ನಟ್ಟುಗಳೇ ಚಕ್ರವನ್ನು ನಡುವಿಗೆ ಹಿಡಿಯಬೇಕಾಗಿದೆ ತಮ್ಮಾ. ಕೂದಲೆಳೆಯಷ್ಟು ಸರಿದರೂ ಕೈಗೆ ಗೊತ್ತಾಗುತ್ತದೆ" ಎಂದರು. ಆ ಸಂದು ತುಂಬುವ, ಬಳೆಯಂತಹ ಹಬ್ ರಿಂಗ್ ನಾಲ್ಕು ತರಿಸಿ ಕೂರಿಸಿದರು. ವರ್ಷದಿಂದ ಕಾಡಿದ ನಡುಕ ಅಂದೇ ಹೋಯಿತು.

ಅಷ್ಟಾದರೂ ನನ್ನ ತಲೆಯಲ್ಲಿದ್ದದ್ದು 17 ಇಂಚಿನ ಕಪ್ಪು ಅಲಾಯ್. ಅವರು ಮಾರಲು ಒಪ್ಪಲಿಲ್ಲ. "ನಿಮ್ಮದು ತೂಕದ ವ್ಯಾಪಾರ, ತೂಗಿ ನೋಡಿಕೊಂಡು ಬನ್ನಿ" ಎಂದು ಕಳಿಸಿದರು. ಮಂಡಿಯಲ್ಲಿ ಚೀಲ ತೂಗುವ ಯಂತ್ರದ ಮೇಲೆ ಟೈರು ಸಮೇತ ಇಟ್ಟೆ. 16 ಇಂಚಿನದು 18.4 ಕಿಲೋ ಬಂತು, ಅವರು ತೋರಿಸಿದ 15 ಇಂಚಿನದು 15.9. ಈ ಎರಡೂವರೆ ಕಿಲೋ ಡಿಕ್ಕಿಯಲ್ಲಿಟ್ಟ ಚೀಲದ ಹಾಗಲ್ಲ. ಪ್ರತಿ ತಿರುವಿನಲ್ಲೂ ಎಂಜಿನ್ ಅದನ್ನು ತಿರುಗಿಸಬೇಕು, ಬ್ರೇಕ್ ಅದನ್ನು ತಡೆಯಬೇಕು, ಸಸ್ಪೆನ್ಷನ್ ಅದನ್ನು ಕುಣಿಯದಂತೆ ಹಿಡಿಯಬೇಕು.

ಕೊನೆಗೆ ಆರಿಸಿದ್ದು 15 ಇಂಚು, 6 ಜೆ (6 ಇಂಚು) ಅಗಲದ ಅಲಾಯ್, ಅದಕ್ಕೆ 195/60 ಆರ್15 ಟೈರು, ಅಂದರೆ 195 ಮಿ.ಮೀ. ಅಗಲ, ಪಕ್ಕೆಯ ಎತ್ತರ ಅದರ ನೂರಕ್ಕೆ 60, ಚಕ್ರ 15 ಇಂಚು. ಕಾರಿನ ಮೂಲ ಅಳತೆ 185/65 ಆರ್15. ಒಟ್ಟು ಎತ್ತರ 621 ಮಿ.ಮೀ.ಯಿಂದ 615ಕ್ಕೆ ಇಳಿಯಿತು, ಸ್ಪೀಡೋಮೀಟರ್ ನೂರಕ್ಕೆ ಒಂದರಷ್ಟು ಹೆಚ್ಚು ತೋರಿಸುತ್ತದೆ, ಅಷ್ಟೇ. ಟೈರಿನ ಪಕ್ಕದಲ್ಲಿ ಟ್ರೆಡ್‌ವೇರ್ ಸಂಖ್ಯೆ ಇದ್ದರೆ ಓದಿ. ಕಡಿಮೆ ಇದ್ದಷ್ಟೂ ರಬ್ಬರು ಸಾಮಾನ್ಯವಾಗಿ ಮೆತ್ತಗೆ, ಹಿಡಿತ ಹೆಚ್ಚು, ಸವೆತವೂ ಬೇಗ. ಆದರೆ ಆ ಸಂಖ್ಯೆಯನ್ನು ಕಂಪನಿಯವರೇ ಕೊಡುವುದರಿಂದ ಎರಡು ಕಂಪನಿಗಳ ಟೈರನ್ನು ಅದರಿಂದಲೇ ಹೋಲಿಸಬೇಡಿ. ತಯಾರಿಕೆಯ ನಾಲ್ಕಂಕಿಯನ್ನೂ ನೋಡಿ: 0824 ಎಂದರೆ 2024ರ ಎಂಟನೇ ವಾರ. ಇಲ್ಲಿ ನಾನು ಕೇಳುವ ಮೊದಲೇ ನಾಲ್ಕೂ ಟೈರು ತಿರುಗಿಸಿ ತೋರಿಸಿದರು.

ಕಣದ ಓಟ ಒಂದು ನಿಮಿಷದೊಳಗೆ ಮುಗಿಯುತ್ತದೆ. ಟೈರು ಬಿಸಿಯೇರುವಷ್ಟು ಹೊತ್ತಿಲ್ಲ, ತಣ್ಣಗಿದ್ದಾಗಲೇ ಹಿಡಿಯಬೇಕು. ಕರಿಯಲ್ಲಿ ಸುತ್ತಿನ ಮೇಲೆ ಸುತ್ತು, ಅಲ್ಲಿ ಕಾವು ತಾಳಬೇಕು. ಎರಡಕ್ಕೂ ಒಂದೇ ಗಾಳಿ ನಡೆಯುವುದಿಲ್ಲ. ಯಜಮಾನರು ಹೇಳಿಕೊಟ್ಟಂತೆ ಟೈರಿನ ಭುಜಕ್ಕೆ, ಅಂದರೆ ನೆಲ ಮುಟ್ಟುವ ಭಾಗ ಪಕ್ಕೆಗೆ ತಿರುಗುವ ಅಂಚಿಗೆ, ಬಿಳಿ ಶೂ ಪಾಲಿಷ್ ಬಳಿದು ಓಡಿಸಿದೆ. ಮುಂದಿನ ಟೈರಿಗೆ 34 ಗಾಳಿ ಇದ್ದಾಗ ಪಾಲಿಷ್ ಪಕ್ಕದ ಪುಟ್ಟ ತ್ರಿಕೋನದ ಗುರುತನ್ನೂ ದಾಟಿ ಅಳಿಸಿಹೋಗಿತ್ತು, ಅಂದರೆ ಟೈರು ಮಗುಚಿ ಪಕ್ಕೆಯ ಮೇಲೆ ಓಡುತ್ತಿತ್ತು. 37ಕ್ಕೆ ಏರಿಸಿದಾಗ ಗುರುತಿನ ಹತ್ತಿರವೇ ನಿಂತಿತು. ಕೋನ್ ಸುತ್ತುವಾಗ ಮುಂಭಾಗ ಹೊರಕ್ಕೆ ಜಾರುವುದು ಕಡಿಮೆಯಾದದ್ದು ಮೊದಲ ತಿರುವಿನಲ್ಲೇ ತಿಳಿಯಿತು. ಕರಿಗೆ ಹೋದಾಗ ತಣ್ಣಗಿರುವಾಗ 30 ಹಿಡಿದು ಹೊರಟೆ. ಐದು ಸುತ್ತು ಮುಗಿಸಿ ಅಳೆದರೆ 36 ಆಗಿತ್ತು. ಗೇಜ್ ಸ್ವಂತದ್ದೇ ಇರಲಿ, ಬಂಕಿನದನ್ನು ನಂಬಬೇಡಿ.

ಅಂಗಡಿಯ ಬಗ್ಗೆ ಒಂದು ದೂರು ಇದೆ. ಹುಡುಗರು ಗಾಳಿ ಗನ್‌ನಿಂದ ನಟ್ಟುಗಳನ್ನು ಗಟ್ಟಿಯಾಗಿ ಹೊಡೆದುಬಿಡುತ್ತಾರೆ. ನಟ್ಟನ್ನು ಬೇಕಾದಷ್ಟೇ ಅಳೆದು ಬಿಗಿಯುವ ಟಾರ್ಕ್ ರೆಂಚ್ ಗೋಡೆಗೇ ನೇತುಹಾಕಿದೆ, ಕೇಳಿದರೆ ಮಾತ್ರ ಇಳಿಯುತ್ತದೆ. ಟ್ರ್ಯಾಕಿಗೆ ಹೋಗುವ ಕಾರಿಗೆ ಅದನ್ನು ಕೇಳಿಯೇ ಹಾಕಿಸಿ, ಐವತ್ತು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿಸಿ.

ಟೈರೊಂದಕ್ಕೆ ಆರು ಸಾವಿರದ ಆಸುಪಾಸು ಬಿತ್ತು. ಅಲಾಯ್‌ನಲ್ಲಿ ಉಳಿದ ಹಣವನ್ನು ಕರಿಯ ಪ್ರಯಾಣಕ್ಕೆ ಎತ್ತಿಟ್ಟಿದ್ದೇನೆ. ಹೋಗುವವರು ಬೆಳಿಗ್ಗೆ ಹತ್ತರೊಳಗೆ ಹೋಗಿ. ಆಮೇಲೆ ಲಾರಿಗಳು ಸಾಲುಗಟ್ಟುತ್ತವೆ, ಯಜಮಾನರು ಮಾತಿಗೆ ಸಿಗುವುದಿಲ್ಲ.