ರೈನ್ ಬಯಲಿನ ಆಚೀಚೆ ಎರಡು ಬೆಟ್ಟದ ದಾರಿಗಳು: ನಿಧಾನ ಸವಾರಿಗೆ ಯಾವುದು ಹಿತ?

ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಮತ್ತು ಫ್ರಾನ್ಸಿನ ವೋಜ್ ಬೆಟ್ಟಸಾಲುಗಳು ರೈನ್ ನದಿಯ ಬಯಲಿನ ಎರಡು ಬದಿಗಳಲ್ಲಿ ಎದುರುಬದುರಾಗಿ ನಿಂತಿವೆ. ನಡುವಿನ ನೆಲ ಕುಸಿದು ಬಯಲಾಗುವ ಮುನ್ನ ಇವೆರಡೂ ಒಂದೇ ಭೂಭಾಗವಾಗಿದ್ದವು. ಎರಡರ ನೆತ್ತಿಯ ಮೇಲೂ ಬೈಕ್ ಸವಾರರು ಹುಡುಕಿಕೊಂಡು ಬರುವ ಒಂದೊಂದು ರಸ್ತೆಯಿದೆ. ಸ್ಟುಟ್‌ಗಾರ್ಟ್ ಬಳಿ ಕೆಲಸದಲ್ಲಿರುವ ನಾನು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಒಂದೇ ಬಾಡಿಗೆ ಬೈಕಿನಲ್ಲಿ, ಜೂನ್ ತಿಂಗಳ ಒಂದೇ ವಾರದಲ್ಲಿ ಎರಡೂ ದಾರಿಗಳಲ್ಲಿ ಹೋಗಿ ಬಂದೆ. ದಿನಕ್ಕೆ ನೂರು ಕಿಲೋಮೀಟರ್ ದಾಟಬಾರದು, ಮನಸ್ಸಾದಲ್ಲೆಲ್ಲ ನಿಲ್ಲಿಸಬೇಕು ಎಂದು ಮೊದಲೇ ಮಾತಾಡಿಕೊಂಡಿದ್ದೆವು.

ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಷ್ಟಾಟ್‌ವರೆಗಿನ ಬಿ 500 ರಸ್ತೆಯ ಉದ್ದ ಸುಮಾರು 60 ಕಿ.ಮೀ. ರಸ್ತೆ ಅಗಲವಾಗಿದೆ, ಡಾಂಬರು ನುಣುಪಾಗಿದೆ, ತಿರುವುಗಳು ವಿಶಾಲವಾಗಿವೆ. ಗೇರ್ ಬದಲಿಸುವ ಗೊಡವೆಯೇ ಇಲ್ಲದೆ ಬಹಳ ದೂರ ಸಾಗಬಹುದು. ಆದರೆ ನಿಧಾನ ಸವಾರನಿಗೆ ತೊಡಕಾಗುವುದೂ ಈ ಅನುಕೂಲವೇ. ನಾವು ಹೋದದ್ದು ಭಾನುವಾರ. ಅರವತ್ತರ ವೇಗದಲ್ಲಿ ಹೋಗುತ್ತಿದ್ದ ನಮ್ಮ ಹಿಂದೆ ಸದಾ ಯಾರಾದರೊಬ್ಬರು ಅಂಟಿಕೊಂಡೇ ಬರುತ್ತಿದ್ದರು, ಹೀಗಾಗಿ ಕನ್ನಡಿಯ ಮೇಲಿನ ಕಣ್ಣು ಕಾಡಿನ ಕಡೆ ತಿರುಗಲೇ ಇಲ್ಲ. 1,036 ಮೀಟರ್ ಎತ್ತರದ ಮುಮ್ಮೆಲ್‌ಸೇ ಸರೋವರದ ಬಳಿ ನಿಲ್ಲಿಸಿದರೆ ಅಲ್ಲಿ ಜಾತ್ರೆಯಷ್ಟು ಜನ. ಈ ದಾರಿಯಲ್ಲಿ ನಮಗೆ ನಿಜವಾಗಿ ಮನಸ್ಸಿಗೆ ಹತ್ತಿರವಾದದ್ದು ಶ್ಲಿಫ್‌ಕಾಫ್ ಬಳಿಯ ಲೋಥಾರ್ ಕಾಲುದಾರಿ. 1999ರ ಡಿಸೆಂಬರ್ 26ರಂದು ಬೀಸಿದ ಲೋಥಾರ್ ಬಿರುಗಾಳಿಗೆ ಉರುಳಿದ ಮರಗಳನ್ನು ಅಲ್ಲಿ ಬಿದ್ದಂತೆಯೇ ಬಿಟ್ಟಿದ್ದಾರೆ. ಕೊಳೆಯುತ್ತಿರುವ ಆ ಬೊಡ್ಡೆಗಳ ನಡುವೆಯೇ ಹೊಸ ಕಾಡು ಎದ್ದಿದೆ.

ಎರಡು ದಿನಗಳ ನಂತರ ರೈನ್ ದಾಟಿ, ಫ್ರಾನ್ಸಿನ ಸೆರ್ನೇ ಊರಿನಿಂದ ರೂಟ್ ದೆ ಕ್ರೆತ್ ಹಿಡಿದೆವು. ಸೇಂತ್-ಮರಿ-ಓ-ಮೀನ್‌ವರೆಗೆ ಸಾಗುವ ಈ ದಾರಿಯನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರೆಂಚ್ ಸೇನೆ ತನ್ನ ಸಾಗಾಟಕ್ಕೆಂದು ಕಟ್ಟಿತು. ಪೂರ್ವದ ಕಡೆಯಿದ್ದ ಜರ್ಮನ್ ಫಿರಂಗಿಗಳ ಕಣ್ಣಿಗೆ ಬೀಳಬಾರದೆಂದು ಬಹುಪಾಲು ರಸ್ತೆಯನ್ನು ಬೆಟ್ಟದ ಏಣಿಗಿಂತ ತುಸು ಕೆಳಗೆ, ಪಶ್ಚಿಮದ ಇಳಿಜಾರಿನಲ್ಲಿ ಎಳೆದರು. ಇದರ ಫಲ ಸವಾರನಿಗೆ ಇಂದಿಗೂ ಸಿಗುತ್ತದೆ: ರೈನ್ ಬಯಲನ್ನು ನೋಡಬೇಕೆಂದರೆ ಹಲವು ಕಡೆ ಎಂಜಿನ್ ಆರಿಸಿ, ಹೆಲ್ಮೆಟ್ ಕೈಯಲ್ಲಿ ಹಿಡಿದು, ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಹತ್ತಲೇಬೇಕು. 1,363 ಮೀಟರ್ ಎತ್ತರದ ಹೋನೆಕ್ ಶಿಖರದ ಬಳಿ ಹಾಗೆ ಹತ್ತಿದಾಗ ಮರವಿಲ್ಲದ ಹುಲ್ಲುಗಾವಲು ಕುದುರೆಮುಖದ ನೆತ್ತಿಯನ್ನು ನೆನಪಿಸಿತು. ಕಪ್ಪು ಮೈ, ಬೆನ್ನುದ್ದಕ್ಕೂ ಬಿಳಿ ಪಟ್ಟೆಯಿರುವ ವೋಜ್ ತಳಿಯ ಹಸುವೊಂದು ಕೊರಳ ಗಂಟೆ ಅಲುಗಿಸುತ್ತ ಹತ್ತಿರ ಬಂದು, ನನ್ನ ಹೆಂಡತಿ ನೆಲದ ಮೇಲಿಟ್ಟಿದ್ದ ಕೈಗವಸನ್ನು ಮೂಸಿ ನೋಡಿ ಹೋಯಿತು. ಅರ್ಧ ಗಂಟೆ ಕಳೆದರೂ ಹೊರಡುವ ಮನಸ್ಸಾಗಲಿಲ್ಲ.

ಹಾರ್ಟ್‌ಮನ್ಸ್‌ವಿಲರ್‌ಕಾಫ್‌ನ ಯುದ್ಧಭೂಮಿಯಲ್ಲಿ ಸಾಲುಸಾಲು ಶಿಲುಬೆಗಳ ಮುಂದೆ ನಿಂತಾಗ, ಮೊನ್ನೆ ನಾವು ಹಾದುಬಂದ ಜರ್ಮನಿಯ ಬೆಟ್ಟಗಳು ದೂರದಲ್ಲಿ ನೀಲಿಯಾಗಿ ಕಾಣುತ್ತಿದ್ದವು. ಅಲ್ಲಿನ ಸ್ಮಾರಕ ವಸ್ತುಸಂಗ್ರಹಾಲಯವನ್ನು 2017ರಲ್ಲಿ ಎರಡೂ ದೇಶಗಳ ಅಧ್ಯಕ್ಷರು ಒಟ್ಟಾಗಿ ಉದ್ಘಾಟಿಸಿದರು. ಅಲ್ಲಿಗೆ ಒಂದು ಇಡೀ ಬೆಳಗನ್ನು ಮೀಸಲಿಡಿ.

ಊಟದ ವಿಷಯದಲ್ಲಂತೂ ವೋಜ್‌ಗೆ ಸಾಟಿಯಿಲ್ಲ. ದಾರಿಯುದ್ದಕ್ಕೂ ಹಸು ಸಾಕುವ ರೈತರೇ ನಡೆಸುವ ಫೆರ್ಮ್-ಓಬೆರ್ಜ್ ಎಂಬ ಊಟದ ಮನೆಗಳಿವೆ. ಬೆಣ್ಣೆಯಲ್ಲಿ ನಿಧಾನವಾಗಿ ಬೇಯಿಸಿದ ಆಲೂಗೆಡ್ಡೆಯ ಖಾದ್ಯಕ್ಕೆ ಸಾಮಾನ್ಯವಾಗಿ ಹಂದಿಮಾಂಸ ಸೇರಿಸುವುದರಿಂದ ಸಸ್ಯಾಹಾರಿಗಳು ಮೊದಲೇ ವಿಚಾರಿಸಬೇಕು. ಘಾಟು ವಾಸನೆಯ ಮನ್ಸ್ಟರ್ ಚೀಸ್ ಮತ್ತು ಕಾಡುಹಣ್ಣಿನ ಟಾರ್ಟ್ ನಮಗೆ ಸಾಕಾದವು.

ಆದರೂ ಈ ದಾರಿಯ ಕಷ್ಟಗಳನ್ನು ಮುಚ್ಚಿಡಲಾರೆ. ಹೊಸದಾಗಿ ಡಾಂಬರು ಹಾಕಿದ ಒಂದು ತಿರುವಿನಲ್ಲಿ ಸಡಿಲ ಜಲ್ಲಿಯ ಮೇಲೆ ಹಿಂದಿನ ಚಕ್ರ ಒಂದು ಗೇಣು ಜಾರಿತು. ಹಿಂದೆ ಕೂತವಳು ನನ್ನ ಭುಜ ಹಿಡಿದ ಬಿಗಿ ಇನ್ನೂ ನೆನಪಿದೆ. ಮೇಲೆ ನಮಗೆ ಪೆಟ್ರೋಲ್ ಬಂಕ್ ಒಂದೂ ಕಾಣಲಿಲ್ಲ, ಸೆರ್ನೇಯಲ್ಲೇ ಟ್ಯಾಂಕ್ ತುಂಬಿಸಿದ್ದು ಒಳ್ಳೆಯದಾಯಿತು. ಚಳಿಗಾಲದಲ್ಲಿ ಹಿಮದಿಂದಾಗಿ ಎತ್ತರದ ಭಾಗವನ್ನು ಮುಚ್ಚುತ್ತಾರೆ. ಫ್ರಾನ್ಸಿನಲ್ಲಿ 2016ರ ನವೆಂಬರ್‌ನಿಂದ ಸವಾರ ಮತ್ತು ಹಿಂಬದಿ ಸವಾರ ಇಬ್ಬರಿಗೂ ಪ್ರಮಾಣೀಕೃತ ಕೈಗವಸು ಕಡ್ಡಾಯವಾಗಿದೆ.

ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನನ್ನ ಆಯ್ಕೆ ನಿಸ್ಸಂದೇಹವಾಗಿ ವೋಜ್. ಆದರೆ ಊರಿನಿಂದ ಬಂದ ಗೆಳೆಯನೊಬ್ಬ ರಸ್ತೆಯ ಬಲಬದಿಯಲ್ಲಿ ಓಡಿಸುವುದನ್ನು ಇನ್ನೂ ರೂಢಿ ಮಾಡಿಕೊಳ್ಳಬೇಕಿದ್ದರೆ, ಅವನನ್ನು ಮೊದಲು ವಾರದ ನಡುವಿನ ದಿನವೊಂದರಲ್ಲಿ ಬಿ 500ಕ್ಕೆ ಕರೆದೊಯ್ಯುತ್ತೇನೆ, ಮರುದಿನ ರೈನ್ ದಾಟಿಸುತ್ತೇನೆ.