ಸರ್ನ್ ನೋಡಿ ಬಂದೆ: ಟಿಕೆಟ್ಟೂ ಇಲ್ಲ, ಪ್ರಳಯವೂ ಇಲ್ಲ

ಜಿನೀವಾಕ್ಕೆ ಹೋದವರು ಸರೋವರದ ಕಾರಂಜಿಗೆ ಅರ್ಧ ಗಂಟೆ ಕೊಟ್ಟರೆ ಸಾಕು. ಉಳಿದ ದಿನ ಸರ್ನ್‌ಗೆ, ಅಂದರೆ ಕಣಗಳ ಭೌತಶಾಸ್ತ್ರದ ಯುರೋಪಿನ ದೊಡ್ಡ ಸಂಶೋಧನಾ ಕೇಂದ್ರಕ್ಕೆ, ಇಡಿ. ದೊಡ್ಡ ರೈಲ್ವೆ ಸ್ಟೇಷನ್ ಹತ್ತಿರ 18ನೇ ನಂಬರ್ ಟ್ರಾಮ್ ಹತ್ತಿದರೆ ಕೊನೇ ಸ್ಟಾಪ್ ಅದೇ. ಪ್ರವೇಶ ಪೂರ್ತಿ ಉಚಿತ. ಸ್ವಿಟ್ಜರ್ಲೆಂಡ್ ಬಗ್ಗೆ ಇಂಥ ವಾಕ್ಯ ಬರೆಯುವ ಅವಕಾಶ ಮತ್ತೆ ಸಿಗಲಿಕ್ಕಿಲ್ಲ! ಸೋಮವಾರ ಮಾತ್ರ ರಜೆ.

2023ರ ಅಕ್ಟೋಬರ್‌ನಲ್ಲಿ ತೆರೆದ ಸೈನ್ಸ್ ಗೇಟ್‌ವೇ ಎಂಬ ಪ್ರದರ್ಶನ ಕೇಂದ್ರ ಚೆನ್ನಾಗಿದೆ. ವಿನ್ಯಾಸ ಇಟಲಿಯ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಅವರದು. ಮಕ್ಕಳಿದ್ದರೆ ಅಲ್ಲೇ ಅರ್ಧ ದಿನ ಕಳೆಯುತ್ತದೆ. ನನಗೆ ಮಾತ್ರ ಗುಂಡಿ ಒತ್ತಿ ಬಣ್ಣ ನೋಡುವ ಆಟಗಳಲ್ಲಿ ಅಷ್ಟು ಆಸಕ್ತಿ ಇಲ್ಲ. ನಾನು ಹೋಗಿದ್ದು ಗೈಡ್ ಜೊತೆಗಿನ ಸುತ್ತಿಗೆ. ಒಬ್ಬಿಬ್ಬರಾದರೆ ಮೊದಲೇ ಬುಕ್ ಮಾಡಲು ಆಗುವುದಿಲ್ಲ, ಅವತ್ತೇ ಅಲ್ಲೇ ಹೆಸರು ಬರೆಸಬೇಕು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಇದ್ದುಬಿಡಿ.

ಸುತ್ತಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1957ರ ಸಿಂಕ್ರೊಸೈಕ್ಲೋಟ್ರಾನ್. ಸರ್ನ್‌ನ ಮೊದಲ ವೇಗವರ್ಧಕ ಯಂತ್ರ ಅದು, ಅಂದರೆ ಕಣಗಳ ವೇಗ ಹೆಚ್ಚಿಸುವ ಯಂತ್ರ. ಈಗ ನಿವೃತ್ತ, ನನ್ನ ಹಾಗೆ. ಕತ್ತಲಲ್ಲಿ ಆ ಹಳೇ ಕಬ್ಬಿಣದ ಮೈಮೇಲೇ ಬೆಳಕು ಬಿಟ್ಟು ಅದರ ಕತೆ ಹೇಳುತ್ತಾರೆ.

ಆಮೇಲೆ ಗೈಡ್‌ಗೆ ಆ ಪ್ರಶ್ನೆ ಕೇಳಿಯೇಬಿಟ್ಟೆ. ನೆಲದಡಿ ಪ್ರೋಟಾನ್‌ಗಳನ್ನು ಓಡಿಸಿ ಡಿಕ್ಕಿ ಹೊಡೆಸುವ ಇಲ್ಲಿನ ದೊಡ್ಡ ಯಂತ್ರ, ಲಾರ್ಜ್ ಹ್ಯಾಡ್ರಾನ್ ಕೊಲೈಡರ್, ಭೂಮಿಯನ್ನು ನುಂಗುತ್ತದೆ ಅಂತ ಹೆದರಿಸಿದ್ದರಲ್ಲ, ಅದರ ಕತೆ ಏನು? 2008ರ ಸೆಪ್ಟೆಂಬರ್ 10, ಬುಧವಾರ, ದೊಡ್ಡ ಯಂತ್ರದಲ್ಲಿ ಮೊದಲ ಸಲ ಪ್ರೋಟಾನ್‌ಗಳನ್ನು ಓಡಿಸಿದರು. ನಾನಾಗ ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಯಂತ್ರದಲ್ಲಿ ಕಪ್ಪು ರಂಧ್ರ ಹುಟ್ಟುತ್ತದೆ, ಪ್ರಳಯ ಆಗುತ್ತದೆ ಅಂತ ಟಿವಿ ತುಂಬ ಅದೇ ಮಾತು. 'ಮೇಡಂ, ಬುಧವಾರ ಪ್ರಪಂಚ ಮುಗಿಯುತ್ತಂತೆ, ಗುರುವಾರದ ಹೋಂವರ್ಕ್ ಮಾಡ್ಬೇಕಾ?' ಅಂತ ಒಬ್ಬ ಕೇಳಿದ್ದ. ಮಾಡ್ಬೇಕು ಅಂದೆ. ಆದರೆ ಎಲ್ಲ ಕಡೆ ಹೀಗೆ ತಮಾಷೆಯಾಗಿ ಮುಗಿಯಲಿಲ್ಲ. ಆ ಸುದ್ದಿ ನೋಡಿ ಹೆದರಿ ಮಧ್ಯಪ್ರದೇಶದ ಹುಡುಗಿಯೊಬ್ಬಳು ಜೀವ ಕಳೆದುಕೊಂಡಳು ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಅಮೆರಿಕದ ಹವಾಯಿಯಲ್ಲಿ ಇಬ್ಬರು ಯಂತ್ರ ನಿಲ್ಲಿಸಿ ಎಂದು ಕೋರ್ಟಿಗೂ ಹೋಗಿದ್ದರು. ಕೇಸು ವಜಾ ಆಯಿತು.

ಗೈಡ್ ನಗಲಿಲ್ಲ. ಅದಕ್ಕೇ ಪೂರ್ತಿ ಅಂಕ ಕೊಟ್ಟೆ. ಸಿಕ್ಕ ಉತ್ತರ ಇದು: ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಇದಕ್ಕಿಂತ ಎಷ್ಟೋ ಹೆಚ್ಚಿನ ಶಕ್ತಿಯಲ್ಲಿ ಭೂಮಿಗೆ, ಚಂದ್ರನಿಗೆ ಕೋಟ್ಯಂತರ ವರ್ಷದಿಂದ ಡಿಕ್ಕಿ ಹೊಡೆಯುತ್ತಲೇ ಇವೆ. ಚಂದ್ರ ಇನ್ನೂ ಅಲ್ಲೇ ಇದ್ದಾನೆ, ಅಲ್ವಾ? ಇಲ್ಲಿ ಓಡುವ ಒಂದು ಪ್ರೋಟಾನ್‌ನ ಶಕ್ತಿ ಹಾರುವ ಕೆಲವು ಸೊಳ್ಳೆಗಳ ಶಕ್ತಿಯಷ್ಟೇ. ಅಷ್ಟನ್ನೂ ಒಂದು ಚುಕ್ಕಿಗಿಂತ ಬಹಳ ಚಿಕ್ಕ ಜಾಗದಲ್ಲಿ ತುರುಕುವುದೇ ಇಲ್ಲಿನ ಸಾಹಸ.

ನಿಜವಾಗಿ ಕೆಟ್ಟಿದ್ದು ಬೇರೆ. ಒಂಬತ್ತು ದಿನ ಕಳೆದು, ಸೆಪ್ಟೆಂಬರ್ 19ರಂದು, ಎರಡು ಅಯಸ್ಕಾಂತಗಳ ನಡುವಿನ ಒಂದು ಕರೆಂಟ್ ಜೋಡಣೆ ಕೈಕೊಟ್ಟಿತು. ಅಯಸ್ಕಾಂತಗಳನ್ನು ತಣ್ಣಗಿಡುವ ಹೀಲಿಯಂ ಸುಮಾರು 6 ಟನ್ ಸೋರಿತು. ಒಂದು ವರ್ಷಕ್ಕೂ ಜಾಸ್ತಿ ಯಂತ್ರ ನಿಂತಿತ್ತು. 2016ರಲ್ಲಂತೂ ಮುಂಗುಸಿಯಂಥ ಒಂದು ಪ್ರಾಣಿ ಟ್ರಾನ್ಸ್‌ಫಾರ್ಮರ್ ಏರಿ ಕರೆಂಟ್ ತೆಗೆಯಿತು. ನಮ್ಮ ಬೀದಿಯ ಲೈನ್‌ಮನ್‌ಗೆ ಈ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ. ಟಿವಿಯವರು ಪ್ರಳಯದ ಬದಲು ಈ ಜೋಡಣೆಯ ಕತೆ ಹೇಳಿದ್ದರೆ ನನ್ನ ಮಕ್ಕಳು ಭೌತಶಾಸ್ತ್ರವನ್ನು ಇನ್ನಷ್ಟು ಕಲಿಯುತ್ತಿದ್ದರು. 2012ರ ಜುಲೈ 4ರಂದು ಇದೇ ಯಂತ್ರದಲ್ಲಿ ಹಿಗ್ಸ್ ಕಣ (ಬೇರೆ ಮೂಲಕಣಗಳಿಗೆ ದ್ರವ್ಯರಾಶಿ ಹೇಗೆ ಬಂತೆಂದು ವಿವರಿಸುವ ಸಿದ್ಧಾಂತದ ಕಣ) ಸಿಕ್ಕಿತೆಂದು ಘೋಷಿಸಿದಾಗ ಅದೇ ಟಿವಿ 'ದೇವಕಣ' ಅಂತ ಕುಣಿಯಿತು!

ಸ್ಟಾರ್: ಐದಕ್ಕೆ ನಾಲ್ಕೂವರೆ. ಅರ್ಧ ಕಳೆದಿದ್ದು ಸುಮ್ನೆ ನನ್ನ ಹಟಕ್ಕೆ. ಆ ದೊಡ್ಡ ಯಂತ್ರದ 27 ಕಿಲೋಮೀಟರ್ ಸುರಂಗ ನೆಲದಡಿ ಸುಮಾರು 100 ಮೀಟರ್ ಆಳದಲ್ಲಿದೆ, ಯಂತ್ರ ಓಡುವಾಗ ಯಾರನ್ನೂ ಇಳಿಸುವುದಿಲ್ಲ. ಅಲ್ಲಿನ 35 ಟನ್ ತೂಕದ ಅಯಸ್ಕಾಂತಗಳನ್ನು ಹೊತ್ತು ನಿಂತ ಜ್ಯಾಕ್‌ಗಳು ನಮ್ಮ ದೇಶದಿಂದ ಹೋದವು. ಅವುಗಳಲ್ಲಿ ಒಂದಷ್ಟು ತಯಾರಾಗಿದ್ದು ಬೆಂಗಳೂರಿನಲ್ಲಿ. ಅದನ್ನು ಕಣ್ಣಾರೆ ನೋಡಬೇಕಿತ್ತು. ಭಾರತ 2004ರಲ್ಲಿ ಕೊಟ್ಟ ನಟರಾಜನ ವಿಗ್ರಹವೂ ಸಿಬ್ಬಂದಿ ಓಡಾಡುವ ಆವರಣದೊಳಗಿದೆ, ಸಿಕ್ಕೇ ಸಿಗುತ್ತದೆ ಎಂದುಕೊಂಡು ಹೋಗಬೇಡಿ. ತಿಂಡಿ ಮನೆಯಿಂದ ಕಟ್ಟಿಕೊಂಡು ಹೋಗಿ. ಪ್ರವೇಶ ಉಚಿತ, ಊಟದ ರೇಟು ಆ ದೇಶದ್ದೇ.